ಅಕ್ಕನ ಕ್ಲಾಸಿನಲ್ಲಿ ನಾನು ಹೆಣವಾಗಿದ್ದು

ನಮ್ಮ ಅಕ್ಕನಿಗೆ ಹೆಣದ ಜೊತೆ ಮಾತಾಡಲು ಬರುತ್ತದೆ. ಬಾಗಿಲಿನ ಜೊತೆ, ಬಟ್ಟೆ ಒಗೆಯುವ ಮೆಷಿನ್ನಿನ ಜೊತೆ, ರೈಲು ನಿಲ್ದಾಣದ ಟಿಕೆಟ್ ಯಂತ್ರದ ಜೊತೆ ಗಂಟೆಗಟ್ಟಲೆ ಮಾತಾಡಲು ಬರುತ್ತದೆ. ಬದುಕಿರುವ, ಎದುರಿಗೆ ನಿಂತಿರುವ, ತಿರುಗಿ ಉತ್ತರ ಕೊಡಬಲ್ಲ ಮನುಷ್ಯರ ಜೊತೆ ಮಾತ್ರ ಬರುವುದಿಲ್ಲ! ಅಂಥವಳು ಸ್ಟುಟ್‌ಗಾರ್ಟಿನಲ್ಲಿ ಪ್ರತಿ ಭಾನುವಾರ ಜನರಿಗೆ ಮಾತು ಕಲಿಸುತ್ತಾಳೆ ಎಂದರೆ ನಂಬುತ್ತೀರಾ? ನಂಬಿ. ನಾನೇ ಸಾಕ್ಷಿ. ಬರೀ ಸಾಕ್ಷಿಯಲ್ಲ, ಮೇಲೆ ಹೇಳಿದ ಹೆಣವೂ ನಾನೇ.

ತಡೆಯಿರಿ, ಒಂದೊಂದಾಗಿ ಹೇಳುತ್ತೇನೆ. ಹೇಳಲು ಕೂತರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ ನನಗೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎದ್ದು ಹೋಗಿ ನೋಡಿ ಬಂದೆ. ನಮ್ಮ ಮನೆಯಲ್ಲಿ ಗ್ಯಾಸೇ ಇಲ್ಲ, ಕರೆಂಟಿನ ಒಲೆ! ಅಂಥ ತಳಮಳ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಕ ನನ್ನನ್ನು ಒಂದು ಮಾತು ಕೇಳಿದಳು. ತನ್ನ ಇಡೀ ಬದುಕಿನ ಮಾತು. ನಾನು ಹೂಂ ಎಂದು ತಲೆಯಾಡಿಸಿದೆ. ಆದರೆ ಅವಳು ಏನು ಕೇಳಿದಳೆಂದು ನನಗೆ ಗೊತ್ತೇ ಇರಲಿಲ್ಲ.

ನಾವು ಗದಗಿನ ಕಡೆಯವರು. ಅಕ್ಕ ಓದಿದಳು, ನಾನು ಓದಲಿಲ್ಲ. ಒಂಬತ್ತನೇ ಇಯತ್ತೆಯಲ್ಲಿ ಶಾಲೆಗೂ ನನಗೂ ಪರಸ್ಪರ ಬೇಸರವಾಗಿ ದೂರವಾದೆವು. ಅಕ್ಕ ಇಲ್ಲಿಗೆ ಹತ್ತಿರದ ರೆನ್ನಿಂಗೆನ್ನಿನಲ್ಲಿ ಕಾರಿನ ಬ್ರೇಕು ಪರೀಕ್ಷಿಸುವ ಎಂಜಿನಿಯರ್. ನಾನು ಹುಬ್ಬಳ್ಳಿಯ ಖಾನಾವಳಿ, ಪುಣೆಯ ಹೋಟೆಲು ಎಲ್ಲ ಸುತ್ತಿ, ಕೊನೆಗೆ ಅವಳ ಬೆನ್ನು ಹತ್ತಿ ಬಂದು, ಊರ ನಡುವಿನ ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ ತಂದೂರಿನ ಮುಂದೆ ನಿಂತವನು. ಅವಳಿಗೆ ಐವತ್ತು ದಾಟಿತು, ನನಗೆ ದಾಟುತ್ತ ಬಂತು. ಇಬ್ಬರಿಗೂ ಮದುವೆಯಾಗಲಿಲ್ಲ. ಅವಳನ್ನು ನೋಡಲು ಗಂಡುಗಳು ಬಂದಿದ್ದರು. ಮಾತಾಡಿಕೊಳ್ಳಿ ಎಂದು ಇಬ್ಬರನ್ನೇ ಕೂರಿಸಿದರೆ ಅಕ್ಕ ಗಂಡನ್ನು ಬಿಟ್ಟು ಚಹಾದ ಕಪ್ಪಿನ ಜೊತೆ ಮಾತಾಡಿದಳು. ನನ್ನ ವಿಷಯದಲ್ಲಿ ಕಪ್ಪು ತರುವವರೆಗೂ ವ್ಯವಹಾರ ಮುಂದುವರಿಯಲಿಲ್ಲ.

ಮನೆಯಲ್ಲಿ ಅವಳದು ಇದೇ ಕ್ರಮ. ಸಾರಿಗೆ ಉಪ್ಪು ಕಡಿಮೆಯಾದರೆ "ತಮ್ಮಾ, ಉಪ್ಪು ಕಡಿಮಿ ಆಗೇತಿ" ಎಂದರೆ ಮುಗಿಯಿತಲ್ಲವೇ? ಇಲ್ಲ! ಎದ್ದು ಹೋಗಿ ಉಪ್ಪಿನ ಡಬ್ಬಿ ತಂದು ಮುಂದೆ ಇಟ್ಟುಕೊಂಡು ಶುರು ಮಾಡುತ್ತಾಳೆ.

"ಉಪ್ಪೇ, ನನ್ನ ಮ್ಯಾಲೆ ಯಾಕ ಇಷ್ಟು ಸಿಟ್ಟು? ಸಮುದ್ರದಾಗ ಹುಟ್ಟಿದಿ, ದೇಶ ದಾಟಿ ಬಂದಿ. ಇಷ್ಟು ದೂರ ಬಂದಾಕಿಗೆ ಡಬ್ಬಿ ಬಿಟ್ಟು ಸಾರಿಗೆ ಬರೂದು ದೂರ ಆತೇನ?"

ನಾನು ತೆಪ್ಪಗೆ ಒಂದು ಚಿಟಿಕೆ ಹಾಕುತ್ತೇನೆ. ಅವಳು ಡಬ್ಬಿಗೆ ಕೃತಜ್ಞತೆ ಹೇಳಿ ಊಟ ಮಾಡುತ್ತಾಳೆ.

ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಇದಕ್ಕೆ ಕೇರ್‌ವೋಖೆ ಎನ್ನುತ್ತಾರೆ. ಸರದಿ ಯಾರದೋ ಅವರ ಬಾಗಿಲಿಗೆ ಒಂದು ಫಲಕ ನೇತಾಡುತ್ತದೆ. ನಮ್ಮ ಸರದಿ ಬಂದಾಗ ಅಕ್ಕ ಕ್ಲಾಸಿಗೆಂದು ತಯಾರು ಮಾಡಿದ ಮಾತನ್ನು ಮೆಟ್ಟಿಲ ಮೇಲೆ ಅಭ್ಯಾಸ ಮಾಡುತ್ತಾಳೆ. ಒಮ್ಮೆ ಆ ಮಾತು ಸತ್ತ ಮಗನ ಮುಂದೆ ಕೂತ ತಾಯಿಯದಾಗಿತ್ತು. ಕೈಯಲ್ಲಿ ಒದ್ದೆ ಬಟ್ಟೆ, ಬಾಯಲ್ಲಿ ಆ ಅಳು! ಮರುದಿನ ಕೆಳಗಿನ ಮನೆಯ ಅಜ್ಜಿ ಕಪ್ಪು ಅಂಚಿನ ಸಂತಾಪದ ಕಾರ್ಡು, ಮನೆಯಲ್ಲೇ ಮಾಡಿದ ಕೇಕು ಹಿಡಿದು ಬಂದು ಅಕ್ಕನ ಕೈ ಹಿಡಿದು ಅತ್ತರು. ಅಕ್ಕ ಕಾರ್ಡನ್ನೂ ಕೇಕನ್ನೂ ಇಸಿದುಕೊಂಡಳು!

"ಅಕ್ಕಾ, ಯಾರೂ ಸತ್ತಿಲ್ಲ ಅಂತ ಹೇಳಬಾರದೇನ?" ಎಂದೆ.

"ಹೆಂಗ ಹೇಳ್ಲಿ? ಪಾತ್ರಕ್ಕ ಅವಮಾನ ಆಗೂದಿಲ್ಲೇನ?"

ಸಂಜೆ ಮೆಟ್ಟಿಲಲ್ಲಿ ನಾನು ಎದುರಾದಾಗ ಆ ಅಜ್ಜಿ ಗೋಡೆ ಹಿಡಿದುಕೊಂಡರು. ಸತ್ತವನು ನಾನೇ ಎಂದುಕೊಂಡಿದ್ದರು.

ಇನ್ನೊಮ್ಮೆ ಎಸ್-ಬಾನ್ ರೈಲಿನಲ್ಲಿ ಟಿಕೆಟ್ ತೆಗೆಯಲು ಮರೆತು ಸಿಕ್ಕಿಬಿದ್ದಳು. ಬೇರೆಯವರಾದರೆ ಕ್ಷಮೆ ಕೇಳುತ್ತಾರೆ. ಅಕ್ಕ ಎದ್ದು ನಿಂತು ಜರ್ಮನ್ನಿನಲ್ಲಿ ಒಂದು ಮಾತು ಶುರು ಮಾಡಿದಳು. ಇಡೀ ಬೋಗಿ ಫೋನು ಕೆಳಗಿಟ್ಟು ಕೇಳಿತು. ಟಿಕೆಟ್ ನೋಡುವವನೂ ಕೊನೆಯವರೆಗೆ ಕೇಳಿ, ಬಹಳ ಚೆನ್ನಾಗಿತ್ತು ಎಂದು ಹೇಳಿ, ದಂಡದ ಚೀಟಿ ಹರಿದು ಕೊಟ್ಟ. ಅಕ್ಕನಿಗೆ ದಂಡದ ಬೇಸರವಿಲ್ಲ. "ತಪ್ಪು ನಂದ. ನನಗ ಏನು ಬೇಕು ಅನ್ನೂದ ನೋಡಿದೆ, ಅವಂಗ ಏನು ಬೇಕು ಅನ್ನೂದು ನೋಡಲಿಲ್ಲ" ಎಂದು ಮನೆಯವರೆಗೂ ಗೊಣಗಿದಳು. ಅವನಿಗೆ ಬೇಕಿದ್ದದ್ದು ಟಿಕೆಟ್ಟು, ಇನ್ನೇನು!

ಈ ಹುಚ್ಚನ್ನು ಅವಳು ನಾಟಕದ ಮಾತಿನ ಕ್ಲಾಸು ಮಾಡಿದ್ದು ಚರ್ಚಿನ ಪಕ್ಕದ ಒಂದು ಸಭಾಂಗಣದಲ್ಲಿ. ಕಲಿಯಲು ಬರುವವರು ನಮ್ಮವರೇ, ಬೆಂಗಳೂರು ಮೈಸೂರಿನ ಸಾಫ್ಟ್‌ವೇರಿನವರು. ಯಾರೂ ಈ ಮೊದಲು ರಂಗದ ಮೇಲೆ ಕಾಲಿಟ್ಟವರಲ್ಲ. ಅವರಲ್ಲಿ ಪ್ರಮೋದ ಎಂಬ ಮೈಸೂರಿನ ಹುಡುಗ ಬಂದದ್ದು ಆಫೀಸಿನಲ್ಲಿ ಪ್ರೆಸೆಂಟೇಶನ್ ಕೊಡುವಾಗ ಕೈ ನಡುಗುತ್ತದೆಂದು. ಬಾಗಿಲು ತೆರೆಯುವವರು ಹೆರ್ ಹೇಬರ್ಲೆ, ಅಂದರೆ ಹೇಬರ್ಲೆ ಸಾಹೇಬರು. ಸಭಾಂಗಣದ ಉಸ್ತುವಾರಿ ಅವರದು. ಮೊದಲು ಊರಿನ ಟ್ರಾಮ್ ಓಡಿಸುತ್ತಿದ್ದವರು, ಹೆಂಡತಿ ತೀರಿಕೊಂಡು ವರ್ಷಗಳಾಗಿವೆ. ಬಾಗಿಲು ತೆರೆದು ಅವರು ಹೋಗಬೇಕು. ಹೋಗುತ್ತಿರಲಿಲ್ಲ! ಹಿಂದಿನ ಸಾಲಿನಲ್ಲಿ ಕೋಟು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೂರುತ್ತಿದ್ದರು. ಕನ್ನಡದ ಒಂದಕ್ಷರ ಬಾರದ ಮನುಷ್ಯ ಎರಡು ಗಂಟೆ ಏನು ಕೇಳುತ್ತಾನೆ? ಮನೆಯಲ್ಲಿ ಹೀಟರ್ ಕೆಟ್ಟಿರಬೇಕು ಎಂದುಕೊಂಡೆ ನಾನು.

ಮೊದಲ ದಿನ ಪ್ರಮೋದ ಎದ್ದು ನಿಂತ. ಮನೆ ಬಿಟ್ಟು ಹೋದ ಮಗ ತಂದೆಯೆದುರು ಬಂದು ನಿಲ್ಲುವ ಪಾತ್ರ. ಗಂಟಲು ಸರಿಮಾಡಿಕೊಂಡು ಸೂರು ನೋಡುತ್ತ ಗಡಗಡನೆ ಒಪ್ಪಿಸತೊಡಗಿದ. ಅಕ್ಕ ನಿಲ್ಲಿಸಿದಳು. ಪಾಠ ಮಾಡುವಾಗ ಮಾತ್ರ ಅವಳಿಗೆ ಮನುಷ್ಯರ ಜೊತೆ ಮಾತು ಬರುತ್ತದೆ, ನೋಡಿ!

"ಯಾರ ಜೊತಿ ಮಾತಾಡಾಕತ್ತೀ?"

"ಅಪ್ಪನ ಹತ್ರ, ಮೇಡಂ."

"ನಿಮ್ಮಪ್ಪ ಹಲ್ಲಿ ಏನು, ಮ್ಯಾಲೆ ಅಂಟಿಕೊಂಡು ಕುಂದ್ರಾಕ?"

ಎಲ್ಲರೂ ನಕ್ಕರು. ಪ್ರಮೋದ ಕಣ್ಣು ಇಳಿಸಿ ಈಗ ತನ್ನ ಬೂಟಿಗೆ ಹೇಳತೊಡಗಿದ.

"ಈಗ ಅಪ್ಪ ಇರುವಿ ಆದ. ನೋಡಪಾ, ಸ್ವಗತ ಬ್ಯಾರೆ, ಇದು ಬ್ಯಾರೆ. ಇದು ಒಬ್ಬರ ಮಾತು, ಆದ್ರ ಒಂಟಿ ಮಾತಲ್ಲ. ಎದುರಿಗೆ ಒಬ್ಬಾತ ಅದಾನ. ಉತ್ತರಾ ಕೊಡವಲ್ಲ ಅಷ್ಟ. ಅವ ಉತ್ತರಾ ಕೊಡವಲ್ಲ ಅಂತನ ನಿನ್ನ ಮಾತು ಇಷ್ಟುದ್ದ ಆಗೇತಿ. ಅಪ್ಪನ ಕಡಿಂದ ಏನು ಬೇಕು ನಿನಗ?"

"ಅದು ಸ್ಕ್ರಿಪ್ಟ್‌ನಲ್ಲಿ ಇಲ್ಲ ಮೇಡಂ."

"ಇರೂದಿಲ್ಲ! ಬೇಕಾದ್ದನ್ನ ಯಾರರ ಬಾಯಿಬಿಟ್ಟು ಹೇಳ್ತಾರೇನು? ಅದೊಂದು ಹೇಳಾಕ ಬರೂದಿಲ್ಲ ಅಂತನ ಉಳಿದಿದ್ದೆಲ್ಲಾ ಹೇಳ್ತಾರ."

ಆಮೇಲೆ ಅವಳ ಕಣ್ಣು ಮೂಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ ನನ್ನ ಮೇಲೆ ಬಿತ್ತು.

"ತಮ್ಮಾ, ಬಾ ಇಲ್ಲಿ. ಅಪ್ಪ ಆಗು."

ಹೀಗೆ ನನ್ನ ರಂಗಜೀವನ ಶುರುವಾಯಿತು. ಒಂದೂ ಮಾತಿಲ್ಲದ ರಂಗಜೀವನ! ಕೇಳುವವನು ಬಾಯಿ ತೆರೆಯಬಾರದು, ಅಲ್ಲಾಡಬಾರದು, ಮುಖ ಮಾತ್ರ ತೆರೆದಿಟ್ಟಿರಬೇಕು ಎನ್ನುವುದು ಅಕ್ಕನ ನಿಯಮ. ನಾನು ಅಪ್ಪನಾದೆ, ರಾಜನಾದೆ, ಕೈಕೊಟ್ಟ ಪ್ರೇಮಿಯಾದೆ, ಕಡಿಯಬೇಕಾದ ಮರವಾದೆ. ಹೆಣದ ಪಾತ್ರದಲ್ಲಿ ನನಗೆ ವಿಶೇಷ ಹೆಸರು ಬಂತು. ವಾರವಿಡೀ ನಿಂತು ದುಡಿಯುವವನಿಗೆ ಮಲಗುವ ಪಾತ್ರ ಸಿಕ್ಕರೆ ಯಾಕೆ ಚೆನ್ನಾಗಿ ಮಾಡುವುದಿಲ್ಲ?

ಆದರೆ ನಿಂತ ಪಾತ್ರಗಳು ಬಹಳ ಬೇಸರ. ಅದೇ ಮಾತು, ಅದೇ ತಪ್ಪು, ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಕ್ರಿಕೆಟ್ಟಿನ ಕಾಲ ಬಂತು. ಇಂಡಿಯಾದಲ್ಲಿ ರಾತ್ರಿ ಏಳೂವರೆಗೆ ಶುರುವಾಗುವ ಆಟ ಇಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಐದೂವರೆಗೆ ಕ್ಲಾಸು! ನಮ್ಮ ಬೆಂಗಳೂರು ತಂಡ ಆಡುವಾಗ ನಾನು ಕಡಿಯಬೇಕಾದ ಮರವಾಗಿ ನಿಲ್ಲಬೇಕೇ?

ಈಗ ಕೇಳಿ ನನ್ನ ಬುದ್ಧಿವಂತಿಕೆ. ಉಣ್ಣೆಯ ಟೋಪಿ ಹಾಕಿಕೊಂಡು ಕಿವಿ ಮುಚ್ಚಿ, ಒಳಗೆ ಎರಡು ಇಯರ್‌ಬಡ್ ಇಟ್ಟು, ಫೋನಿನಲ್ಲಿ ಕಾಮೆಂಟರಿ ಹಚ್ಚಿದೆ. ಟೋಪಿ ಯಾಕೆ ಎಂದಳು ಅಕ್ಕ. ಥಂಡಿಗೆ ಕಿವಿ ನೋವು ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂತು! ಅಂದಿನಿಂದ ಅಕ್ಕ ಪ್ರತಿ ಭಾನುವಾರ ಬೆಳಿಗ್ಗೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ನನ್ನ ತಲೆಯನ್ನು ತೊಡೆಯ ಮೇಲೆ ವಾಲಿಸಿಕೊಂಡು ಎರಡೂ ಕಿವಿಗೆ ಬಿಟ್ಟು ಹತ್ತಿ ಇಡುತ್ತಿದ್ದಳು. ಸಂಜೆ ನಾನು ಹತ್ತಿ ತೆಗೆದು ಕ್ರಿಕೆಟ್ ಇಡುತ್ತಿದ್ದೆ. ಇಯರ್‌ಬಡ್ಡೆಲ್ಲ ಒಗ್ಗರಣೆಯ ವಾಸನೆ.

ಆಮೇಲೆ ಆದದ್ದನ್ನು ನಾನು ಯೋಜಿಸಿರಲಿಲ್ಲ. ಪ್ರಮೋದ ತಂದೆಯ ಮುಂದೆ ನಿಂತು ಹೇಳುತ್ತಿದ್ದಾನೆ, ಬಾಯಿ ಮಾತ್ರ ಕಾಣುತ್ತಿದೆ ನನಗೆ. ಅಷ್ಟರಲ್ಲಿ ನಮ್ಮ ಒಂದು ದೊಡ್ಡ ವಿಕೆಟ್ ಬಿತ್ತು. ನನ್ನ ಮುಖ ಇಳಿದುಹೋಯಿತು. ಅದನ್ನು ನೋಡಿ ಪ್ರಮೋದ ಕೈ ಮುಗಿದುಬಿಟ್ಟ! ಮುಂದಿನ ಓವರಿನಲ್ಲಿ ಎರಡು ಫೋರ್ ಬಂದವು, ನನ್ನ ಕಣ್ಣರಳಿತು. ತಂದೆ ಕ್ಷಮಿಸಿಬಿಟ್ಟನೆಂದು ಪ್ರಮೋದ ನಿಜವಾಗಿ ಅತ್ತ. ಅಕ್ಕ ಎಲ್ಲರನ್ನೂ ಕರೆದು ನನ್ನ ಮುಖ ತೋರಿಸಿದಳು.

"ನೋಡ್ರಿ! ಕೇಳೂದು ಅಂದ್ರ ಹಿಂಗ. ಇವ ಓದಿಲ್ಲ, ಬರದಿಲ್ಲ, ಆದ್ರ ಇಂಥಾ ಕಿವಿ ನಾ ಎಲ್ಲೂ ನೋಡಿಲ್ಲ!"

"ಅಣ್ಣಾ, ನಿಮ್ ಮುಖ ನೋಡಿದ್ರೆ ಸಾಕು, ಫೀಲಿಂಗ್ ಆಟೋಮ್ಯಾಟಿಕ್ ಆಗಿ ಬರುತ್ತೆ" ಎಂದ ಪ್ರಮೋದ. ಅವನ ಆಫೀಸಿನ ಪ್ರೆಸೆಂಟೇಶನ್ನೂ ಸುಧಾರಿಸಿತಂತೆ. ನಮ್ಮ ತಂಡದ ಬ್ಯಾಟಿಂಗಿನಿಂದ ಯಾರ್‍ಯಾರಿಗೆ ಉಪಕಾರವಾಯಿತು ನೋಡಿ! ನಾನು ವಿನಯದಿಂದ ತಲೆ ತಗ್ಗಿಸಿದೆ. ಸ್ಕೋರ್ ಸರಿಯಾಗಿ ಕೇಳಿಸಲಿ ಎಂದು.

ಆ ಭಾನುವಾರಕ್ಕೆ ಬಂದೆ. ಬರಲೇಬೇಕಲ್ಲ.

ಕ್ಲಾಸು ಮುಗಿಯುವ ಹೊತ್ತು. ಎಲ್ಲರ ಸರದಿಯೂ ಆಗಿತ್ತು. ಅಕ್ಕ ಏನೋ ಹೇಳಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಬಂದು ನನ್ನ ಮುಂದೆ ನಿಂತಳು. ಕಲಿಸುವವಳು ತಾನೇ ಮಾಡಿ ತೋರಿಸುವುದು ಅದೇ ಮೊದಲು. ನನ್ನ ಕಿವಿಯಲ್ಲಿ ಕೊನೆಯ ಓವರ್! ಅಕ್ಕನ ತುಟಿ ಅಲ್ಲಾಡುತ್ತಿತ್ತು. ಕೈ ಎತ್ತಲಿಲ್ಲ, ದನಿ ಏರಿಸಿದಂತೆಯೂ ಕಾಣಲಿಲ್ಲ. ನಡುವೆ ಒಮ್ಮೆ ನಿಲ್ಲಿಸಿ ನೆಲ ನೋಡಿದಳು. ಒಂದು ಎಸೆತ, ರನ್ ಇಲ್ಲ. ನನ್ನ ಮುಖ ಕಿವುಚಿತು. ಅವಳು ಅರ್ಧ ಹೆಜ್ಜೆ ಹಿಂದಿಟ್ಟಳು. ಕೊನೆಯ ಎಸೆತ ಬಂತು. ಅಕ್ಕನ ಕಣ್ಣು ನನ್ನ ಮುಖದಲ್ಲೇ ನೆಟ್ಟಿತ್ತು. ಸಿಕ್ಸರ್!

ನಾನು ತಲೆಯಾಡಿಸಿದೆ. ಹೌದು, ಹೌದು, ಹೌದು ಎಂದು ಟೋಪಿಯ ಗೊಂಡೆ ಹಾರುವಂತೆ ಆಡಿಸಿದೆ. ಕಣ್ಣಲ್ಲಿ ನೀರು ಬಂತು. ಆ ತಂಡ ಗೆದ್ದಾಗ ಅಳದವನು ಅದರ ಅಭಿಮಾನಿಯೇ ಅಲ್ಲ! ಅಕ್ಕ ಹತ್ತಿರ ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು. ಸುತ್ತ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಇವರಲ್ಲಿ ಇಷ್ಟು ಜನ ಕ್ರಿಕೆಟ್ ಪ್ರೇಮಿಗಳೇ ಎಂದು ಒಂದು ಕ್ಷಣ ನನಗೆ ಆಶ್ಚರ್ಯವಾಯಿತು.

ಮರುದಿನ ಊಟಕ್ಕೆ ಕೂತಾಗ ಅಕ್ಕ ಹೇಳಿದಳು, "ತಮ್ಮಾ, ಉಪ್ಪು ಕಡಿಮಿ ಆಗೇತಿ."

ನನ್ನ ಕೈಯ ತುತ್ತು ಜಾರಿತು. ಡಬ್ಬಿಗಲ್ಲ, ನನಗೆ ಹೇಳಿದಳು! ಏನೋ ಆಗಿದೆ. ವಾರವಿಡೀ ಹಾಗೆಯೇ. ಬಟ್ಟೆ ಒಣಗಿಸು, ಬೇಗ ಬಾ, ಚಹಾ ಚಲೋ ಆಗೇತಿ. ಎಲ್ಲ ನೇರ, ಎಲ್ಲ ನನಗೇ. ಡಾಕ್ಟರು ಏನಾದರೂ ಹೇಳಿದರೇ? ಊರಿಗೆ ಹೋಗುತ್ತಾಳೆಯೇ? ನನಗೆ ಕೆಲಸದಲ್ಲಿ ಮನಸ್ಸಿಲ್ಲದೆ ನಾನ್‌ಗಳು ಕರಿಕಾಗಿ ಬಂದವು. ಮಾಲೀಕ ಒಂದನ್ನು ಎತ್ತಿ ತೋರಿಸಿ "ಇದೇನು, ಬೂಟಿನ ಅಟ್ಟೆಯೋ?" ಎಂದ.

ಶನಿವಾರ ಬೆಳಿಗ್ಗೆ ಬಾಗಿಲ ಗಂಟೆ ಬಾರಿಸಿತು. ತೆಗೆದರೆ ಹೆರ್ ಹೇಬರ್ಲೆ. ಇಸ್ತ್ರಿಯ ಅಂಗಿ, ತಲೆಗೆ ನೀರು ಹಚ್ಚಿ ಬಾಚಿದ ಕ್ರಾಪು, ಕೈಯಲ್ಲಿ ಹೂವು. ಹೂವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, "ಡಾಂಕೆ, ಶ್ವಾಗರ್, ಡಾಂಕೆ" ಎಂದರು. ಡಾಂಕೆ ಎಂದರೆ ಧನ್ಯವಾದ, ಅದು ನನಗೂ ಗೊತ್ತು. ಶ್ವಾಗರ್ ಎಂದರೇನು? ಒಳಗಿನಿಂದ ಅಕ್ಕ ಬಂದಳು. ತಲೆಗೆ ಹೂವು ಮುಡಿಯದವಳು ಅಂದು ಕನ್ನಡಿ ನೋಡಿಕೊಂಡಿದ್ದಳು. ನಾನು ಮೊಸರು ತರುವ ನೆಪದಲ್ಲಿ ಓಡಿ, ಬೀದಿಯಲ್ಲಿ ನಿಂತು ಪ್ರಮೋದನಿಗೆ ಫೋನ್ ಮಾಡಿದೆ.

"ಶ್ವಾಗರ್ ಅಂದ್ರ ಏನ್ರಿ?"

"ಭಾವಮೈದ, ಅಣ್ಣಾ. ಯಾಕೆ?"

ನಾನು ಅಲ್ಲೇ ಒಂದು ಕಟ್ಟೆಯ ಮೇಲೆ ಕುಳಿತೆ.

"ಪ್ರಮೋದ, ಹೋದ ಭಾನುವಾರ ಅಕ್ಕ ಏನು ಅಂದಳು?"

"ಏನಣ್ಣಾ, ನೀವೇ ಎದುರಿಗಿದ್ರಲ್ಲ! ನೀವ್ ತಲೆಯಾಡಿಸಿದ್ದು ನೋಡಿ ನಾನ್ ಎಮೋಷನಲ್ ಆಗ್ಬಿಟ್ಟೆ."

"ಇರ್ಲಿ. ಇನ್ನೊಮ್ಮೆ ಹೇಳ್ರಿ."

ಪ್ರಮೋದ ರೈಲಿಗೆ ಕಾಯುತ್ತ ನಿಂತಿದ್ದ. ಒಳ್ಳೆಯ ಶಿಷ್ಯ, ನೋಡಿ, ಬರೀ ಹೇಳಲಿಲ್ಲ, ಆ ಪ್ಲಾಟ್‌ಫಾರ್ಮಿನಲ್ಲೇ ಮಾಡಿ ತೋರಿಸಿದ. ಗದಗಿನ ಮಾತು ಅವನ ಮೈಸೂರು ಬಾಯಲ್ಲಿ ಕುಂಟುತ್ತ ಬಂತು. ನಡುವೆ ರೈಲು ಬಂತು. ಅವನು ಹತ್ತಲಿಲ್ಲ.

"'ತಮ್ಮಾ, ನಾನ್ ಎಲ್ಲಾರಿಗೂ ಮಾತ್ ಕಲಿಸ್ದೆ. ನನ್ನ ಮಾತು ಯಾರಿಗ್ ಹೇಳ್ಲಿ? ಹಿಂದಿನ ಸಾಲಲ್ಲಿ ಒಬ್ರು ಕೂತ್ಕೋತಾರೆ. ಅವರಿಗೆ ಒಂದಕ್ಷರ ತಿಳಿಯಲ್ಲ. ಆದ್ರೆ ನಾನ್ ಮಾತ್ ನಿಲ್ಲಿಸಿದ್ರೆ ಅವರ ಉಸಿರೂ ನಿಲ್ಲುತ್ತೆ. ಅವರು ಕೇಳಿದಾರೆ, ನಂಗೂ ಇನ್ನುಳಿದ ದಿನ ಅವರ ಜೊತೆ ಇರೋಣ ಅನ್ಸಿದೆ. ನೀನ್ ಬೇಡ ಅಂದ್ರೆ ನಾಳೆಯಿಂದ ಬೇರೆ ಹಾಲ್ ನೋಡ್ತೀನಿ, ಮತ್ತೆ ಈ ಮಾತ್ ಎತ್ತಲ್ಲ. ಬಾಯಲ್ಲಿ ಹೇಳ್ಬೇಡ, ನಿನ್ ಕೈಲೂ ಆಗಲ್ಲ. ತಲೆ ಆಡ್ಸು, ಸಾಕು.' ಇಷ್ಟೇ ಅಣ್ಣಾ. ಮೇಡಂ ನಮ್ ಹಾಲನ್ನೇ ಇಟ್ಕೊಂಡು ಸ್ಕ್ರಿಪ್ಟ್ ಬರ್ದಿದಾರೆ ಅಂದ್ಕೊಂಡಿದ್ವಿ."

ಈಗ ಹೇಳಿ, ನಾನೇನು ಮಾಡಬೇಕಿತ್ತು? ಸತ್ಯ ಹೇಳಿದರೆ ನನ್ನ ಹೂಂ ಬಿದ್ದುಹೋಗುತ್ತದೆ. ಆ ಹೂಂ ಬಿದ್ದರೆ ಅಕ್ಕನ ಹೂಂ ಉಳಿಯುವುದಿಲ್ಲ, ಅವಳ ಸ್ವಭಾವ ನನಗೆ ಗೊತ್ತು. ಹೇಳದಿದ್ದರೆ, ಯಾರೋ ಹೊಡೆದ ಒಂದು ಸಿಕ್ಸರಿನ ಮೇಲೆ ಅಕ್ಕ ಸಂಸಾರ ಹೂಡುತ್ತಾಳೆ! ಮನೆಗೆ ಬಂದು ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಮೆಟ್ಟಿಲಿಳಿದೆ, ಹತ್ತಿದೆ. ಕೆಳಗಿನ ಅಜ್ಜಿ ಬಾಗಿಲು ತೆರೆದು, ಸತ್ತರೂ ಇವನಿಗೆ ನೆಮ್ಮದಿಯಿಲ್ಲವಲ್ಲ ಎಂಬಂತೆ ನೋಡಿದರು.

ಸಂಜೆ ಧೈರ್ಯ ಮಾಡಿಕೊಂಡು ಅಕ್ಕನ ಮುಂದೆ ನಿಂತೆ. "ಅಕ್ಕಾ, ಒಂದು ಮಾತು ಹೇಳೂದೈತಿ."

ಅವಳು ಚಪಾತಿ ಲಟ್ಟಿಸುತ್ತಿದ್ದಳು. ತಲೆಯೆತ್ತದೆ ತನ್ನ ಕ್ಲಾಸಿನ ದನಿಯಲ್ಲೇ ಅಂದಳು, "ಏನು ಬೇಕು ನಿನಗ? ಅದನ್ನ ಮೊದಲ ತಿಳ್ಕೊಂಡು ಆಮ್ಯಾಲೆ ಬಾಯಿ ತಗಿ."

ಏನು ಬೇಕಿತ್ತು ನನಗೆ? ತಪ್ಪೊಪ್ಪಿಕೊಂಡು ಹಗುರಾಗುವುದೇ? ಅಲ್ಲ. ನಿಜ ಹೇಳುತ್ತೇನೆ, ಇದನ್ನು ಬರೆಯಲೆಂದೇ ಇಷ್ಟೆಲ್ಲ ಸುತ್ತಿ ಬಂದೆ. ನನಗೆ ನನ್ನ ಹೂಂ ವಾಪಸ್ಸು ಬೇಕಿತ್ತು. ಅಂದು ನನ್ನ ಕಿವಿ ತೆರೆದಿದ್ದರೆ ನಾನು ಮರದಂತೆ ನಿಲ್ಲುತ್ತಿದ್ದೆ, ತಲೆಯಾಡಿಸುತ್ತಿರಲಿಲ್ಲ. ಅಕ್ಕ ಹೋದರೆ ಕಚೇರಿಯಿಂದ ಬರುವ ಜರ್ಮನ್ ಕಾಗದ ಓದುವವರು ಯಾರು? ಊರಲ್ಲಿ ಕೇಳಿದವರಿಗೆ ಏನು ಹೇಳಲಿ? ಯಾರ ಸಾರಿಗೆ ಉಪ್ಪು ಹಾಕಲಿ? ಮೂರೂ ನನ್ನ ಕಷ್ಟಗಳೇ. ಅವಳದು ಒಂದೂ ಇರಲಿಲ್ಲ. ಏನಿಲ್ಲ ಬಿಡು ಎಂದು ಹೇಳಿ ಹಿಟ್ಟಿನ ಡಬ್ಬಿ ಮುಚ್ಚಿಟ್ಟೆ. ಅದು ಮುಚ್ಚಿಯೇ ಇತ್ತು.

ಮರುದಿನ ಭಾನುವಾರ. ಮನೆಯಲ್ಲಿ ನಿಲ್ಲಲಾರದೆ ಕ್ಲಾಸಿಗೆ ಬಹಳ ಮೊದಲೇ ಸಭಾಂಗಣಕ್ಕೆ ಹೋದೆ. ಹೇಬರ್ಲೆ ಒಬ್ಬರೇ ಕುರ್ಚಿ ಬಿಡಿಸಿ ಇಡುತ್ತಿದ್ದರು. ನಾನೂ ಕೈ ಹಚ್ಚಿದೆ. ಅದೇನು ಬಂತೋ, ನಾಲ್ಕನೆಯದೋ ಐದನೆಯದೋ ಕುರ್ಚಿ ಹಿಡಿದುಕೊಂಡೇ ಶುರು ಮಾಡಿದೆ. ಕನ್ನಡದಲ್ಲಿ! ಟೋಪಿ, ಎಣ್ಣೆ, ಸಿಕ್ಸರು, ಎಲ್ಲ. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಯುರಿ ಎಂದೂ ಹೇಳಿದೆ. ಅವರಿಗೆ ತಿಳಿಯುವುದಿಲ್ಲವಲ್ಲ, ಹೆದರಿಕೆ ಯಾಕೆ?

ಅವರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. ಕೋಟಿನ ಗುಂಡಿ ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಂತರು. ಗಡಿಯಾರ ನೋಡಲಿಲ್ಲ, ಯಾ ಯಾ ಎಂದು ತಲೆಯಾಡಿಸಲಿಲ್ಲ. ಒಂದು ಕಡೆ ನನ್ನ ಮಾತು ನಿಂತಿತು. ಆಗ ಅವರ ಅಂಗಿಯ ಏರಿಳಿತವೂ ನಿಂತಿತು. ನಾನು ಮತ್ತೆ ಶುರು ಮಾಡುವವರೆಗೆ ಆ ಮನುಷ್ಯ ಉಸಿರು ಬಿಡಲಿಲ್ಲ! ಇಷ್ಟು ವರ್ಷ ಬದುಕಿದ್ದೇನೆ, ನನ್ನ ಮಾತಿಗೆ ಹಾಗೆ ಯಾರೂ ನಿಂತಿರಲಿಲ್ಲ. ಇದು ಅಕ್ಕನಿಗೆ ವಾರಕ್ಕೊಮ್ಮೆ ಸಿಗುತ್ತಿತ್ತು. ಅದನ್ನು ಬೇಡ ಎನ್ನಲು ನಾನು ಯಾರು?

ಕೊನೆಗೆ ಅವರು ನನ್ನ ಭುಜ ತಟ್ಟಿ, ನಾನು ಆಗಿನಿಂದ ಅಪ್ಪಿಹಿಡಿದಿದ್ದ ಕುರ್ಚಿಯನ್ನು ಮೆಲ್ಲಗೆ ಬಿಡಿಸಿಕೊಂಡರು.

ಎಲ್ಲರೂ ಬಂದರು. ಅಕ್ಕ ಚಪ್ಪಾಳೆ ತಟ್ಟಿ "ಯಾರು ಮೊದಲು?" ಎಂದಳು. ನಾನು ಕೈಯೆತ್ತಿದೆ.

"ಅಣ್ಣಾ, ನೀವಾ? ಯಾವ ಸ್ಕ್ರಿಪ್ಟು?" ಎಂದ ಪ್ರಮೋದ.

ಅಕ್ಕ ನಗಲಿಲ್ಲ. "ಯಾರ ಜೊತಿ ಮಾತು?" ಎಂದಳು.

"ನಿನ್ನ ಜೊತಿ. ನೀ ಕೇಳಾಕಿ ಆಗಿ ನಿಂದ್ರು."

"ಏನು ಬೇಕು?"

"ಗೊತ್ತೈತಿ ಅಕ್ಕಾ. ಅದೊಂದು ಹೇಳಾಕ ಬರೂದಿಲ್ಲ."

"ಹಂಗಿದ್ರ ಶುರು ಮಾಡು" ಎಂದು ಅವಳು ನನ್ನ ಜಾಗದಲ್ಲಿ ಹೋಗಿ ನಿಂತಳು. ಬಾಯಿ ಮುಚ್ಚಿ, ಕೈ ಇಳಿಬಿಟ್ಟು, ಮುಖ ತೆರೆದು.

ನಾನು ಸೂರು ನೋಡಿದೆ. ಹಲ್ಲಿ ಇರಲಿಲ್ಲ. ಬೂಟು ನೋಡಿದೆ. ಆಮೇಲೆ, ಬೇರೆ ದಾರಿಯಿಲ್ಲದೆ, ಅವಳ ಮುಖ ನೋಡಿದೆ.

"ಅಕ್ಕಾ, ನನ್ನ ಕಿವಿ ನೋವು ಸುಳ್ಳು. ನೀ ಬೆಳ್ಳುಳ್ಳಿ ಎಣ್ಣಿ ಹಾಕಿದ ಕಿವಿಯೊಳಗ ನಾ ಮ್ಯಾಚ್ ಇಟ್ಕೊಂಡಿದ್ದೆ. ಅವತ್ತು ನೀ ಕೇಳಿದ್ದು ನಂಗ ಕೇಳಿಸಿಲ್ಲ. ನಾ ತಲಿ ಆಡಿಸಿದ್ದು ಸಿಕ್ಸರಿಗೆ. ಕಣ್ಣೀರೂ ಅದಕ್ಕ. ಇದು ಸಣ್ಣ ತಪ್ಪು, ದೊಡ್ಡದು ಇನ್ನೊಂದೈತಿ. ಕೇಳಿಸಿದ್ದರ ನಾ ತಲಿ ಆಡಿಸ್ತಿರಲಿಲ್ಲ. ನಿನ್ನೆ ಚಪಾತಿ ಮುಂದ ನಿಂತಾಗೂ ಆ ಹೂಂ ವಾಪಸ್ ಇಸಕೊಳ್ಳಾಕ ಬಂದಿದ್ದೆ. ನೀ ಉಪ್ಪಿನ ಜೊತಿ ಮಾತಾಡಿದಿ, ಬಾಗಲದ ಜೊತಿ ಮಾತಾಡಿದಿ. ನಾ ಹುಚ್ಚು ಅಂತ ನಕ್ಕೆ. ಮಂದಿಗೆ ಹೇಳಿ ನಗಿಸಿದೆ. ಎದುರಿಗೆ ನಾನ ಕುಂತಿರ್ತಿದ್ದೆ ಅಕ್ಕಾ. ನಾ ಕೇಳಲಿಲ್ಲ ಅಂತ ನೀ ಉಪ್ಪಿಗೆ ಹೇಳಿದಿ."

ಇನ್ನೂ ಇತ್ತು. ಬರಲಿಲ್ಲ. ಅಕ್ಕನ ಮುಖದಲ್ಲಿ ಏನೇನೋ ಬಂದು ಹೋಯಿತು. ಅವಳು ನಿಯಮ ಮುರಿಯಲಿಲ್ಲ. ನಾನು ಟೋಪಿ ತೆಗೆದೆ. ಕಿವಿಯಲ್ಲಿ ಏನೂ ಇಲ್ಲದೆ, ಯಾವ ಆಟವೂ ನಡೆಯದ ಆ ಮೌನದಲ್ಲಿ, ಅವಳನ್ನೇ ನೋಡುತ್ತ ತಲೆಯಾಡಿಸಿದೆ. ಒಮ್ಮೆ, ನಿಧಾನವಾಗಿ.

ಹಿಂದಿನ ಸಾಲಿನಲ್ಲಿ ಯಾರೋ ಉಸಿರು ಬಿಟ್ಟದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಆಗ ಅಕ್ಕ ತನ್ನ ಜಾಗ ಬಿಟ್ಟು ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಬಗ್ಗಿ ನನ್ನ ಎಡಗಿವಿ ನೋಡಿದಳು, ಬೆರಳಿಟ್ಟು ಮುಟ್ಟಿದಳು. ಆಮೇಲೆ ಬಲಗಿವಿ.

"ಥಣ್ಣಗ ಆಗ್ಯಾವಲ್ಲೋ ತಮ್ಮಾ" ಎಂದು ನನ್ನ ಕೈಯಿಂದ ಟೋಪಿ ತೆಗೆದುಕೊಂಡು, ಎರಡೂ ಕಿವಿ ಮುಚ್ಚುವಂತೆ ಅವಳೇ ಎಳೆದು ಹಾಕಿದಳು.